ಗೆರೆ ಇಳಿದ ವರ್ಷ

ಸಾವಿರದ ನಾನೂರ ಹನ್ನೆರಡು ಪ್ರಬಂಧ.
ಎರಡು ಬೇಸಿಗೆ ಕೂತು ಎಣಿಸಿದೆ ಲೈಬ್ರರಿಯ ನೆಲಮಾಳಿಗೆಯಲ್ಲಿ,
ಫ್ಯಾನಿನ ಗಾಳಿಗೆ ಹಾರುವ ಹಾಳೆಗಳ ಮೇಲೆ
ಬೀಗದ ಕೈ, ಫೋನು, ಅರ್ಧ ತಿಂದ ನಿಪ್ಪಟ್ಟು ಹೇರಿ.
ಯಾರು ಬರೆದರು, ಯಾರ ಜೊತೆ, ಯಾರು ಯಾರ ಹೆಸರೆತ್ತಿದರು,
ಎಲ್ಲ ಕೋಷ್ಟಕಕ್ಕೆ ಇಳಿಯಿತು. ಕೋಷ್ಟಕ ಗೆರೆಯಾಯಿತು.
ಗೆರೆ ಏರುತ್ತ ಏರುತ್ತ ಹೋಗಿ
ತೊಂಬತ್ತೆಂಟರಲ್ಲಿ ದಬಕ್ಕನೆ ಕುಸಿದು,
ಯಶವಂತಪುರದ ಹಳಿಗಳ ಅಡಿ ನುಸುಳುವ ರಸ್ತೆಯ ಹಾಗೆ
ಆಚೆ ಬದಿಗೆ ಎದ್ದಿತ್ತು.

ಅನುದಾನ ಕಡಿತವೇ? ಇಲ್ಲ, ಆ ವರ್ಷ ಹೆಚ್ಚೇ ಬಂದಿತ್ತು.
ವಿಜ್ಞಾನಿಗಳು ಬಿಟ್ಟು ಹೋದರೇ? ಹೊಸಬರಿಬ್ಬರು ಸೇರಿದ್ದರು.
"ಬರೀ ಗದ್ದಲ ಅದು," ಅಂದರು ಹೆಬ್ಬಳಲು ಸರ್, ಕನ್ನಡಕ ಒರೆಸುತ್ತ,
"ಐದು ವರ್ಷದ ಸರಾಸರಿ ತೆಗಿ, ನುಣುಪಾಗುತ್ತೆ."
ತೆಗೆದೆ. ನುಣುಪಾಯಿತು,
ಪಾಲಿಕೆಯವರು ಮುಚ್ಚಿದ ಗುಂಡಿಯ ಹಾಗೆ,
ಮೊದಲ ಮಳೆಯವರೆಗೆ.

ಕೃತಜ್ಞತೆಯ ಸಾಲುಗಳನ್ನೂ ಎಣಿಸಿದ್ದೆ, ಯಾರೂ ಓದದ ಆ ಸಣ್ಣಕ್ಷರ.
ಗಾಜು ಊದಿಕೊಟ್ಟವರು ಮೂವರು, ಅಂತು ಕಂಪ್ಯೂಟರು:
ಎ. ಸ್ವಾಮಿ, ಅರೋಗ್ಯಸಾಮಿ, ಆರೋಕಿಯಸ್ವಾಮಿ.
ತಲೆಗೊಂದು ಧನ್ಯವಾದ.
ಪಿಂಚಣಿ ವಿಭಾಗದ ಗುಮಾಸ್ತೆ ಕೊಟ್ಟದ್ದು ಒಂದೇ ವಿಳಾಸ.
ಕಾಕ್ಸ್ ಟೌನಿನ ಹಿಂದೆ, ಇಸ್ತ್ರಿ ಗಾಡಿ ದಾಟಿ, ನೀಲಿ ಗೇಟು.
ಮೂವರೂ ಬಾಗಿಲು ತೆಗೆದರು,
ಒಂದೇ ಲುಂಗಿಯಲ್ಲಿ.

"ಊದೋದು ಬಾಯಲ್ಲಲ್ಲಮ್ಮ, ಕಿವೀಲಿ.
ಗಾಜು ಬಗ್ಗೋ ಮುಂಚೆ ಬರ್ನರ್ ದನಿ ದಪ್ಪ ಆಗುತ್ತೆ.
ಅದು ಕೇಳಿಸದೋನು ನೂರು ಟ್ಯೂಬು ಒಡೀತಾನೆ."
ನನ್ನ ಪೆನ್ನನ್ನೇ ಇಸಿದುಕೊಂಡು
ಎರಡೂ ಕೈಯಲ್ಲಿ ಹಿಡಿದು ಉರುಳಿಸಿ ತೋರಿಸಿದರು:
ಎಡಕ್ಕೂ ಬಲಕ್ಕೂ ಒಂದೇ ವೇಗ,
ಒಂದು ಕೈ ಹಿಂದೆ ಬಿತ್ತೋ, ಗಾಜು ಮುಖ ತಿರುಚಿಕೊಳ್ಳುತ್ತೆ.
ಕಾಫಿ ತಂದ ಫಿಲೋಮಿನಮ್ಮ ನಿಂತಲ್ಲೇ ಸೇರಿಸಿದರು:
"ಇವರದು ಆಟಕ್ಕುಂಟು, ಲೆಕ್ಕಕ್ಕಿಲ್ಲ."
ಪೆನ್ನು ವಾಪಸು ಪಡೆದು ಬರೆದುಕೊಂಡೆ. ಅಕ್ಷರ ಸೊಟ್ಟಗಾಯಿತು,
ಲೆಕ್ಕ ಇಟ್ಟವಳು ನಾನೇ ಆದ್ದರಿಂದ.

ತೊಂಬತ್ತೆಂಟರ ಬಗ್ಗೆ ಕೇಳಿದೆ.
ಎಡಗೈಯನ್ನು ಮೇಜಿನ ಮೇಲೆ ಮಗುಚಿಟ್ಟರು.
ಅಂಗೈ ತುಂಬ, ಆರಿದ ಹಾಲಿನ ಕೆನೆಯಂಥ ಚರ್ಮ.
ಗ್ಯಾಸ್ ಸಿಲಿಂಡರಿನ ತಿರುಪು, ಬೌರಿಂಗ್ ಆಸ್ಪತ್ರೆ,
ಎರಡು ವರ್ಷ ಉರಿಯ ಹತ್ತಿರ ಹೋಗಲಿಲ್ಲ.
ಮುಂಬೈಯಿಂದ ತರಿಸಿದ ಗಾಜೆಲ್ಲ ಬೆಸುಗೆಯಲ್ಲಿ ಸೋರುತ್ತಿತ್ತಂತೆ,
ನಿರ್ವಾತ ನಿಲ್ಲದ ಲ್ಯಾಬಿನಲ್ಲಿ
ಹುಡುಗರು ಕೇರಂ ಆಡಿದರಂತೆ.

"ಕಥೆ ಸಿಕ್ಕಿತಲ್ಲ, ಎಣಿಕೆ ಎತ್ತಿಡು ಇನ್ನು," ಅಂದಳು ಶಾಕಿರಾ,
ಮಾತು ಬಿಟ್ಟು ಬೇರೇನನ್ನೂ ನಂಬದವಳು.
ಎತ್ತಿಡಲಾಗಲಿಲ್ಲ. ಹಾಜರಿ ಪುಸ್ತಕ ತರಿಸಿದೆ.
ಎರಡು ವರ್ಷವಲ್ಲ, ಇನ್ನೂರ ಹನ್ನೊಂದು ದಿನ.
ತೊಂಬತ್ತೆಂಟೂ ಅಲ್ಲ, ತೊಂಬತ್ತೇಳು.
ಪ್ರಬಂಧ ಅಚ್ಚಾಗಲು ವರ್ಷ ಹಿಡಿಯುತ್ತದೆ, ಸುಟ್ಟ ಕೈಗೆ ಕ್ಷಣ ಸಾಕು.
ಮತ್ತೆ ಅವರು ಹೇಳದೆ ಬಿಟ್ಟದ್ದು,
ಕೆಂಪು ಶಾಯಿಯಲ್ಲಿ, ದಿನದಿನದ ಚೌಕದಲ್ಲೂ:
ಸಂ. ರ.
ಸಂಬಳರಹಿತ.
ಬೆರಳಿಟ್ಟು ಎಣಿಸಿದೆ. ನಡುವೆ ತಪ್ಪಿತು.
ಮತ್ತೆ ಮೊದಲಿನಿಂದ.

ಅವರ ಎರಡು ವರ್ಷವನ್ನು ತಿದ್ದಲಿಲ್ಲ,
ಪುಸ್ತಕದ ದಿನಗಳನ್ನೂ ಬಿಡಲಿಲ್ಲ.
ಒಂದರ ಕೆಳಗೊಂದು ಬರೆದೆ. ಕೂಡಲಿಲ್ಲ, ಕಳೆಯಲಿಲ್ಲ.
ಗೆರೆಯಲ್ಲಿ ಮುಚ್ಚಿದ್ದ ಗುಂಡಿಯನ್ನು
ನಾನೇ ಅಗೆದು ತೆರೆದೆ.

ಸೆಮಿನಾರಿನಲ್ಲಿ ಹಿಂದಿನ ಸಾಲಿನಿಂದ ಕೈಯೊಂದು ಎದ್ದಿತು:
"ಈ ತೀರ್ಮಾನಕ್ಕೆ ಮಾದರಿ ಎಷ್ಟು ಜನ?"
"ಒಬ್ಬರು," ಅಂದೆ.
"ಮೊದಲು ಮೂವರಿದ್ದರು."